ಹಳೆಯ ಗಣಕವನ್ನು ಅಳಿಸುವ ಮುನ್ನ: ನಕಲು ಬೇರೆ, ಸ್ಥಳಾಂತರ ಬೇರೆ

ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ಎಲ್ಲ ಹಳೆಯ ಗಣಕಗಳಿಗೂ ಒಗ್ಗುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಲೇಬೇಕೆಂದು ಅದು ಕೇಳುತ್ತದೆ. ಹೀಗಾಗಿ ಇನ್ನೂ ಚೆನ್ನಾಗಿಯೇ ನಡೆಯುತ್ತಿರುವ ಅನೇಕ ಗಣಕಗಳು ಶಾಲಾ ಕಾಲೇಜುಗಳ ಕಚೇರಿಗಳಿಂದ, ಪ್ರಯೋಗಾಲಯಗಳಿಂದ ಹೊರಬೀಳುತ್ತಿವೆ. ನಿಮ್ಮ ಸಂಸ್ಥೆಯಲ್ಲೂ ಈ ಕೆಲಸ ನಡೆದಿರಬಹುದು ಅಥವಾ ಸದ್ಯದಲ್ಲೇ ನಡೆಯಬಹುದು. ಗಣಕದ ಬಗ್ಗೆ ಸ್ವಲ್ಪ ತಿಳಿದಿರುವ ಒಬ್ಬ ಅಧ್ಯಾಪಕರ ಮೇಲೋ ಉತ್ಸಾಹಿ ವಿದ್ಯಾರ್ಥಿಯ ಮೇಲೋ ಇದರ ಹೊಣೆ ಬೀಳುವುದು ರೂಢಿ. ಅವರಿಗೆ ಸಿಗುವ ಸೂಚನೆ ಒಂದೇ ವಾಕ್ಯದ್ದು: ಹಳೆಯದರಲ್ಲಿರುವುದನ್ನೆಲ್ಲ ಹೊಸದಕ್ಕೆ ಹಾಕಿ, ಹಳೆಯದನ್ನು ಅಳಿಸಿ ಕೊಟ್ಟುಬಿಡಿ.

ಈ ಒಂದು ವಾಕ್ಯದಲ್ಲಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಮೊದಲನೆಯದು, ದತ್ತಾಂಶದ ಮೀಸಲು ಪ್ರತಿ ತೆಗೆಯುವುದು. ಎರಡನೆಯದು, ಆ ದತ್ತಾಂಶ ಹೊಸ ಗಣಕದಲ್ಲಿ ಮೊದಲಿನಂತೆಯೇ ಬಳಕೆಗೆ ಬರುವಂತೆ ಸ್ಥಳಾಂತರಿಸುವುದು. ಮೂರನೆಯದು, ಹಳೆಯ ಡಿಸ್ಕಿನಲ್ಲಿರುವುದನ್ನು ಯಾರೂ ಮತ್ತೆ ಓದಲಾಗದಂತೆ ಅಳಿಸುವುದು. ಈ ಕೆಲಸಗಳ ಬಗ್ಗೆ ಪಠ್ಯಪುಸ್ತಕಗಳಲ್ಲಿ, ಕೈಪಿಡಿಗಳಲ್ಲಿ, ಬಲ್ಲವರ ಬಾಯಲ್ಲಿ ಕೆಲವು ಸಲಹೆಗಳು ಚಾಲ್ತಿಯಲ್ಲಿವೆ. ಅವು ತಪ್ಪು ಸಲಹೆಗಳೇನಲ್ಲ. ಆದರೆ ಎಲ್ಲಿ ಭಾರ ಹಾಕಬೇಕಿತ್ತೋ ಅಲ್ಲಿ ಹಾಕದೆ, ಬೇಡದ ಕಡೆ ಹಾಕಿವೆ ಎಂಬುದು ನನ್ನ ಆಕ್ಷೇಪಣೆ. ಅವು ಪ್ರತಿಗಳನ್ನು ಎಣಿಸಲು ಕಲಿಸುತ್ತವೆ, ಅಳಿಸಲು ಕಲಿಸುತ್ತವೆ. ಈ ಎರಡರ ನಡುವೆ ಓದಿ ನೋಡುವುದನ್ನು ಮಾತ್ರ ಕಲಿಸುವುದಿಲ್ಲ.

ಹಿಂದಿರುಗಲಾಗದ ಹೆಜ್ಜೆ ಯಾವುದು?

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪರಾವರ್ತ್ಯ ಮತ್ತು ಅಪರಾವರ್ತ್ಯ ಪ್ರಕ್ರಿಯೆಗಳ ಪರಿಚಯವಿದೆ. 1961ರಲ್ಲಿ ಐಬಿಎಂ ಸಂಸ್ಥೆಯ ರಾಲ್ಫ್ ಲ್ಯಾಂಡವರ್ ಈ ಭೇದವನ್ನು ಮಾಹಿತಿಗೂ ಅನ್ವಯಿಸಿದರು. ಒಂದು ಬಿಟ್ ಮಾಹಿತಿಯನ್ನು ಅಳಿಸಿದಾಗ ಕನಿಷ್ಠ ಇಷ್ಟು ಶಾಖ ಹೊರಬೀಳಲೇಬೇಕು ಎಂದು ಅವರು ತೋರಿಸಿದರು. ಆ ಕನಿಷ್ಠ ಪ್ರಮಾಣವೆಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ, ನಿರಪೇಕ್ಷ ತಾಪ ಹಾಗೂ 2ರ ಸಹಜ ಲಘುಗಣಕ, ಈ ಮೂರರ ಗುಣಲಬ್ಧ. 300 ಕೆಲ್ವಿನ್ ತಾಪದಲ್ಲಿ ಇದು ಸುಮಾರು 2.9 × 10⁻²¹ ಜೂಲ್. ಲೇಸರ್ ಬಲೆಯಲ್ಲಿ ಹಿಡಿದಿಟ್ಟ ಸೂಕ್ಷ್ಮ ಕಣವೊಂದನ್ನು ಬಳಸಿ 2012ರಲ್ಲಿ ಇದನ್ನು ಪ್ರಯೋಗದಿಂದಲೂ ಪರೀಕ್ಷಿಸಲಾಯಿತು. ಖಾಲಿ ಜಾಗಕ್ಕೆ ನಕಲು ಮಾಡುವುದಕ್ಕೆ ತಾತ್ವಿಕವಾಗಿ ಇಂಥ ಕನಿಷ್ಠ ದಂಡವಿಲ್ಲ. ಅಳಿಸುವುದಕ್ಕೆ ಇದೆ, ಏಕೆಂದರೆ ಅಳಿಸಿದ ಮೇಲೆ ಹಿಂದಿನ ಸ್ಥಿತಿ ಯಾವುದಿತ್ತು ಎಂದು ಇಂದಿನ ಸ್ಥಿತಿಯಿಂದ ತಿಳಿಯಲಾಗದು.

500 ಗಿಗಾಬೈಟ್ ಡಿಸ್ಕ್ ಎಂದರೆ 4 × 10¹² ಬಿಟ್‌ಗಳು. ಲ್ಯಾಂಡವರ್ ಲೆಕ್ಕದಲ್ಲಿ ಇಷ್ಟನ್ನೂ ಅಳಿಸಲು ಬೇಕಾದ ಕನಿಷ್ಠ ಶಕ್ತಿ ಒಂದು ಜೂಲ್‌ನ ಸುಮಾರು ಹತ್ತು ಕೋಟಿಯಲ್ಲಿ ಒಂದು ಭಾಗದಷ್ಟು. ಹತ್ತು ವರ್ಷಗಳ ಪ್ರಶ್ನಪತ್ರಿಕೆಗಳು, ವಿದ್ಯಾರ್ಥಿಗಳ ಯೋಜನಾ ವರದಿಗಳು, ಪ್ರಯೋಗಾಲಯದ ಅಳತೆಗಳು, ಸಂಸ್ಥೆಯ ಸಮಾರಂಭಗಳ ಛಾಯಾಚಿತ್ರಗಳು ಇಷ್ಟು ಅಗ್ಗವಾಗಿ ಇಲ್ಲವಾಗಬಲ್ಲವು. ಆದ್ದರಿಂದ ಇಡೀ ಕೆಲಸದ ಎಚ್ಚರವೆಲ್ಲ ಈ ಹೆಜ್ಜೆಯ ಹಿಂದಿನ ಕ್ಷಣದಲ್ಲಿ ಇರಬೇಕು. ಚಾಲ್ತಿಯಲ್ಲಿರುವ ಸಲಹೆಗಳಲ್ಲಿ ಆ ಎಚ್ಚರ ಇದೆಯೇ, ನೋಡೋಣ.

3-2-1 ನಿಯಮ ಹೇಳದೆ ಬಿಟ್ಟದ್ದು

ಮೀಸಲು ಪ್ರತಿಯ ಬಗ್ಗೆ ಅತಿ ಹೆಚ್ಚು ಉಲ್ಲೇಖವಾಗುವ ಸೂತ್ರ 3-2-1. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರ ಬರಹಗಳಿಂದ ಇದು ಹೆಸರಾಯಿತು. ಯಾವುದೇ ದತ್ತಾಂಶದ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿ ಇರಬೇಕು, ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು ಎನ್ನುತ್ತದೆ ಸೂತ್ರ. ಇದರ ಗುಣವನ್ನು ಒಪ್ಪಲೇಬೇಕು. ಬೆಂಕಿ, ಕಳವು, ಡಿಸ್ಕಿನ ವೈಫಲ್ಯ, ಈ ಮೂರಕ್ಕೂ ಇದು ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತದೆ. ನೆನಪಿಡಲೂ ಸುಲಭ.

ಆದರೆ ಈ ಸೂತ್ರ ಪ್ರತಿಗಳ ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಆ ಪ್ರತಿಗಳು ಮೂಲಕ್ಕೆ ಸಮವೇ, ಅವನ್ನು ತೆರೆದರೆ ಓದಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಒಂದು ಹಾಳಾದ ಕಡತದ ಮೂರು ಪ್ರತಿಗಳನ್ನು ಎರಡು ಮಾಧ್ಯಮಗಳಲ್ಲಿಟ್ಟು ಒಂದನ್ನು ಬೇರೆ ಊರಿಗೆ ಕಳಿಸಿದರೂ ಸೂತ್ರ ಪಾಲನೆಯಾದಂತೆಯೇ! ಕೊನೆಯಲ್ಲಿ ದೋಷಗಳು ಸೊನ್ನೆ ಎಂದು ಸೇರಿಸಿದ ಹೊಸ ರೂಪಗಳು ಬಂದಿವೆ. ಆದರೆ ತರಗತಿಯಲ್ಲಿ, ಕೈಪಿಡಿಗಳಲ್ಲಿ ಪುನರುಕ್ತಿಯಾಗುವುದು ಹಳೆಯ ರೂಪವೇ.

ನಕಲಿನಲ್ಲಿ ದೋಷ ಎಲ್ಲಿಂದ ಬರುತ್ತದೆ? ಮೊದಲನೆಯದಾಗಿ, ವಿಂಡೋಸ್‌ನಲ್ಲಿ ನಾವು ಎಳೆದು ಬಿಡುವ ಸಾಮಾನ್ಯ ನಕಲು ವಿಧಾನ ಬರೆದದ್ದನ್ನು ಮತ್ತೆ ಓದಿ ಮೂಲದೊಡನೆ ಹೋಲಿಸುವುದಿಲ್ಲ. ಎರಡನೆಯದಾಗಿ, ಹಳೆಯ ಡಿಸ್ಕಿನ ಯಾವುದೋ ಭಾಗ ಓದಲು ಬಾರದಿದ್ದಾಗ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ. ಹತ್ತಾರು ಸಾವಿರ ಕಡತಗಳ ನಡುವೆ ಅದನ್ನು ನೋಡಿದವರು ಬಿಟ್ಟು ಮುಂದೆ ಹೋಗುವ ಗುಂಡಿ ಒತ್ತುತ್ತಾರೆ. ಮನೆಬಳಕೆಯ ಹಾರ್ಡ್ ಡಿಸ್ಕುಗಳಿಗೆ ತಯಾರಕರು ನೀಡುವ ವಿವರಪಟ್ಟಿಯಲ್ಲಿ 10¹⁴ ಬಿಟ್ ಓದಿದಾಗ ಹೆಚ್ಚೆಂದರೆ ಒಂದು ಸರಿಪಡಿಸಲಾಗದ ದೋಷ ಎಂಬ ಮಿತಿ ಸಾಮಾನ್ಯ. ಆ ಮಿತಿಯ ಪ್ರಕಾರ 500 ಗಿಗಾಬೈಟ್ ಡಿಸ್ಕನ್ನು ಒಮ್ಮೆ ಪೂರ್ತಿ ಓದುವಾಗ ದೋಷ ಎದುರಾಗುವ ಸಂಭವ ನೂರಕ್ಕೆ ನಾಲ್ಕರಷ್ಟಿರಬಹುದು. ಮೂರನೆಯದಾಗಿ, ಪೆನ್ ಡ್ರೈವ್ ಎಫ್‌ಎಟಿ 32 ಕ್ರಮದಲ್ಲಿದ್ದರೆ 4 ಗಿಬಿಬೈಟ್ ಅಥವಾ ಅದಕ್ಕೂ ದೊಡ್ಡ ಕಡತ ಅದರಲ್ಲಿ ಕೂರುವುದೇ ಇಲ್ಲ. ದೊಡ್ಡ ವಿಡಿಯೋಗಳು, ಅಂಚೆಯ ಸಂಗ್ರಹ ಕಡತಗಳು ಹೀಗೆ ಹಿಂದೆ ಉಳಿಯುತ್ತವೆ.

ಒಟ್ಟು ಗಾತ್ರವನ್ನು ಹೋಲಿಸಿ ಸಮಾಧಾನಪಡುವವರೂ ಇದ್ದಾರೆ. 500 ಗಿಗಾಬೈಟ್ ಎಂದು ಕೊಂಡ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ. ತಯಾರಕರು 1000ದ ಘಾತಗಳಲ್ಲಿ ಎಣಿಸಿದರೆ ವಿಂಡೋಸ್ 1024ರ ಘಾತಗಳಲ್ಲಿ ಎಣಿಸುತ್ತದೆ, ಅಷ್ಟೇ. ಇಂಥ ಮೇಲ್ನೋಟದ ಅಂಕಿಗಳಿಂದ ಎರಡು ಪ್ರತಿಗಳು ಸಮವೆಂದು ಹೇಳಲಾಗದು. ಕಡತಗಳ ಸಂಖ್ಯೆ ಮತ್ತು ಬೈಟ್‌ಗಳ ನಿಖರ ಸಂಖ್ಯೆ ಹೋಲಿಸುವುದು ವಾಸಿ. ಅದಕ್ಕಿಂತ ಉತ್ತಮವಾದದ್ದು ಪ್ರತಿ ಕಡತದ ಬೆರಳಚ್ಚನ್ನು ಹೋಲಿಸುವುದು. ಎಸ್‌ಎಚ್‌ಎ-256 ಎಂಬ ವಿಧಾನ ಯಾವುದೇ ಕಡತದಿಂದ 256 ಬಿಟ್‌ಗಳ ಒಂದು ಸಂಖ್ಯೆಯನ್ನು ಲೆಕ್ಕಹಾಕುತ್ತದೆ. ಕಡತದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಇದನ್ನು ಲೆಕ್ಕಹಾಕುವ ಸೌಲಭ್ಯ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಹೆಚ್ಚು ವೆಚ್ಚವಿಲ್ಲದೆ ದೊರೆಯುತ್ತದೆ. ಒಂದು ಎಚ್ಚರ ಬೇಕು: ನಕಲು ಮುಗಿದ ಕೂಡಲೇ ಲೆಕ್ಕಹಾಕಿದರೆ ಗಣಕ ಡಿಸ್ಕನ್ನು ಓದದೆ ತನ್ನ ಸ್ಮರಣೆಯಲ್ಲಿ ಉಳಿದಿರುವುದನ್ನೇ ಓದಿಬಿಡಬಹುದು. ಆದ್ದರಿಂದ ಹೊರ ಡಿಸ್ಕನ್ನು ಬೇರ್ಪಡಿಸಿ, ಮತ್ತೆ ಜೋಡಿಸಿ, ಅನಂತರ ಲೆಕ್ಕಹಾಕಬೇಕು.

ಬಿಟ್ ಉಳಿಯಿತು, ಬರಹ ಉಳಿಯಿತೆ?

ಬೆರಳಚ್ಚುಗಳು ತಾಳೆಯಾದವು ಎಂದಿಟ್ಟುಕೊಳ್ಳೋಣ. ಹೊಸ ಗಣಕಕ್ಕೆ ಪ್ರತಿಯೊಂದು ಬಿಟ್ ಕೂಡ ಬಂದಿದೆ. ಅಷ್ಟಕ್ಕೇ ಕೆಲಸ ಮುಗಿಯಿತೆ? ಕನ್ನಡದಲ್ಲಿ ಬರೆದಿಟ್ಟ ಹಳೆಯ ಕಡತಗಳ ಮಟ್ಟಿಗೆ ಮುಗಿದಿಲ್ಲ ಎಂಬುದು ಅನೇಕರಿಗೆ ತಡವಾಗಿ ತಿಳಿಯುತ್ತದೆ.

ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ. ತುಂಗಾ ಎಂಬ ಅಕ್ಷರಶೈಲಿ ಅದರಲ್ಲಿತ್ತು. ಆದರೆ ಅದಕ್ಕೂ ಮೊದಲಿನಿಂದ, ಅದಾದ ಮೇಲೂ ಬಹಳ ವರ್ಷ, ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಕನ್ನಡ ಬೇರೊಂದು ದಾರಿಯಲ್ಲಿ ನಡೆಯಿತು. ನುಡಿ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಮತ್ತು ಯೂರೋಪಿನ ಇತರ ಅಕ್ಷರಗಳಿಗೆ ಮೀಸಲಾದ ಸಂಕೇತ ಸಂಖ್ಯೆಗಳ ಮೇಲೆ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದವು. ಗಣಕದ ಮಟ್ಟಿಗೆ ಅದು ಲ್ಯಾಟಿನ್ ಬರಹ; ಆ ನಿರ್ದಿಷ್ಟ ಅಕ್ಷರಶೈಲಿಯ ಕನ್ನಡಕ ತೊಟ್ಟು ನೋಡಿದಾಗ ಮಾತ್ರ ಕನ್ನಡ. ಅಂದಿನ ಯಂತ್ರಾಂಶದ ಮಿತಿಯಲ್ಲಿ ಇದು ಜಾಣ ಉಪಾಯವೇ ಆಗಿತ್ತು. ಇದಿಲ್ಲದಿದ್ದರೆ ಕನ್ನಡದ ಗಣಕೀಕರಣ ಹತ್ತು ವರ್ಷ ಕಾಯಬೇಕಾಗುತ್ತಿತ್ತು ಎನ್ನಬಹುದು.

ಒಂದು ಉದಾಹರಣೆ ನೋಡಿ. ‘ಕನ್ನಡ’ ಎಂಬ ಪದ ನುಡಿಯ ಹಳೆಯ ಸಂಕೇತದಲ್ಲಿ ಏಳು ಬೈಟ್‌ಗಳಾಗಿ ದಾಖಲಾಗುತ್ತದೆ: 80, 192, 163, 192, 223, 113, 192. ಇದರಲ್ಲಿ 80 ಎಂಬುದು ಇಂಗ್ಲಿಷಿನ ದೊಡ್ಡ ‘ಪಿ’ ಅಕ್ಷರದ ಸಂಖ್ಯೆ. ಮೂರು ಬಾರಿ ಬಂದಿರುವ 192 ಎಂಬುದು ತಲೆಯ ಮೇಲೆ ಓರೆಗೆರೆಯುಳ್ಳ ‘ಎ’. ಇದೇ ಪದ ಯೂನಿಕೋಡಿನಲ್ಲಿ ಐದು ಸಂಕೇತಗಳು: ಕ, ನ, ವಿರಾಮ, ನ, ಡ. ಇದರಲ್ಲಿ ‘ಕ’ದ ಸಂಖ್ಯೆ 3221. ಅಂತರಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಬರೆದರೆ ಇಡೀ ಪದ 15 ಬೈಟ್‌ಗಳಾಗುತ್ತದೆ. ಕಣ್ಣಿಗೆ ಒಂದೇ ಪದ. ಗಣಕಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸಾಲುಗಳು. ಹೊಸ ಗಣಕದಲ್ಲಿ ‘ಕನ್ನಡ’ ಎಂದು ಹುಡುಕಿದರೆ ಹಳೆಯ ಕಡತ ಸಿಗುವುದಿಲ್ಲ. ಅಕಾರಾದಿಯಾಗಿ ಜೋಡಿಸಿದರೆ ಹೆಸರುಗಳು ಅಡ್ಡಾದಿಡ್ಡಿಯಾಗುತ್ತವೆ. ಅಕ್ಷರಶೈಲಿ ಸ್ಥಾಪನೆಯಾಗಿಲ್ಲದಿದ್ದರಂತೂ ಪರದೆಯ ಮೇಲೆ ಕಾಣುವುದು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ರಾಶಿ.

ನಾನು ಕಂಡ ಒಂದು ವಿಭಾಗದಲ್ಲಿ ಹನ್ನೆರಡು ವರ್ಷಗಳ ಪ್ರಶ್ನಕೋಶಕ್ಕೆ ಹೀಗೇ ಆಯಿತು. ಕಡತಗಳ ಸಂಖ್ಯೆ ತಾಳೆಯಾಗಿತ್ತು, ದಾಖಲೆ ಪುಸ್ತಕಕ್ಕೆ ಸಹಿಯೂ ಬಿದ್ದಿತ್ತು, ಹಳೆಯ ಗಣಕ ಅಳಿಸಿ ಹೋಗಿತ್ತು. ಮುಂದಿನ ಪರೀಕ್ಷೆಗೆ ಪ್ರಶ್ನೆ ಹುಡುಕಲು ಹೋದಾಗಲೇ ಯಾರಿಗೂ ಓದಲು ಬಾರದೆಂಬುದು ತಿಳಿದದ್ದು. ಅಕ್ಷರಶೈಲಿಯನ್ನು ತಂದು ಹಾಕಿದ ಮೇಲೆ ವರ್ಡ್ ಕಡತಗಳು ಬದುಕಿಕೊಂಡವು. ಆದರೆ ‘ಸುರಕ್ಷಿತವಾಗಿರಲಿ’ ಎಂದು ಯಾರೋ ಸರಳ ಪಠ್ಯವಾಗಿ ಉಳಿಸಿದ್ದ ಕೆಲವು ವರ್ಷಗಳ ಕಡತಗಳು ಪೂರ್ತಿ ಬದುಕಲಿಲ್ಲ.

ಇದಕ್ಕೆ ಕಾರಣವೇನು? ವರ್ಡ್ ಕಡತದಲ್ಲಿ ಪ್ರತಿ ತುಣುಕಿನ ಜೊತೆಗೆ ಅದರ ಅಕ್ಷರಶೈಲಿಯ ಹೆಸರೂ ದಾಖಲಾಗಿರುತ್ತದೆ. ಭೌತವಿಜ್ಞಾನದ ಪ್ರಶ್ನೆಯಲ್ಲಿ ಕನ್ನಡದ ನಡುವೆ ಇಂಗ್ಲಿಷ್ ಸಂಕೇತಗಳು ಬರುತ್ತವೆ. 80 ಎಂಬ ಬೈಟ್ ‘ಕ’ದ ತುಂಡೋ ಅಥವಾ ಒತ್ತಡವನ್ನು ಸೂಚಿಸುವ ‘ಪಿ’ಯೋ ಎಂದು ಹೇಳುವುದು ಆ ಅಕ್ಷರಶೈಲಿಯ ಹೆಸರು ಮಾತ್ರ. ಸರಳ ಪಠ್ಯವಾಗಿ ಉಳಿಸಿದಾಗ ಆ ಹೆಸರು ಬಿದ್ದುಹೋಗುತ್ತದೆ. ಆಮೇಲೆ ಯಾವ ಪರಿವರ್ತಕ ತಂತ್ರಾಂಶ ತಂದರೂ ಅದು ಊಹಿಸಬೇಕೇ ಹೊರತು ತಿಳಿಯಲಾರದು. ಅಂದರೆ ಇಲ್ಲಿ ಅಕ್ಷರಶೈಲಿಯ ಹೆಸರು ಅಲಂಕಾರವಲ್ಲ, ದತ್ತಾಂಶದ ಭಾಗ. ಯಾರೂ ಅಳಿಸುವ ಗುಂಡಿ ಒತ್ತದಿದ್ದರೂ ಇಲ್ಲಿ ಒಂದು ಅಪರಾವರ್ತ್ಯ ಹೆಜ್ಜೆ ಇಟ್ಟಂತಾಯಿತು. ಪಿಡಿಎಫ್ ಮಾಡಿಟ್ಟರೆ ಸಾಕೆನ್ನುವವರಿಗೂ ಇದೇ ಮಾತು: ಹಳೆಯ ಸಂಕೇತದ ಪಿಡಿಎಫ್ ಕಣ್ಣಿಗೆ ಸರಿಯಾಗಿ ಕಂಡರೂ ಅದರಿಂದ ಪಠ್ಯವನ್ನು ಎತ್ತಿಕೊಂಡರೆ ಬರುವುದು ಅದೇ ಲ್ಯಾಟಿನ್ ರಾಶಿ.

ಚಂದ್ರನ ಚಿತ್ರಗಳ ಪಾಠ

ಇಂಥ ಎಡವಟ್ಟು ಹಣವಾಗಲೀ ತಜ್ಞರಾಗಲೀ ಇಲ್ಲದ ಕಡೆ ಮಾತ್ರ ಆಗುತ್ತದೆಂದು ತಿಳಿಯಬೇಡಿ. 1969ರ ಜುಲೈನಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ನಡೆದಾಗ ಅಲ್ಲಿಂದ ಬಂದ ದೂರದರ್ಶನ ಸಂಜ್ಞೆ ಸೆಕೆಂಡಿಗೆ 10 ಚೌಕಟ್ಟುಗಳ, 320 ಗೆರೆಗಳ ವಿಶೇಷ ಬಗೆಯದು. ಮನೆಗಳ ಟಿವಿ ಪೆಟ್ಟಿಗೆಗಳು ಅದನ್ನು ತೋರಿಸಲಾರವು. ಆದ್ದರಿಂದ ಭೂಮಿಯ ಗ್ರಾಹಕ ಕೇಂದ್ರಗಳಲ್ಲಿ ಆ ಸಂಜ್ಞೆಯನ್ನು ಒಂದು ಪರದೆಯ ಮೇಲೆ ಮೂಡಿಸಿ, ಅದಕ್ಕೆ ಎದುರಾಗಿ ಸಾಮಾನ್ಯ ಟಿವಿ ಕ್ಯಾಮೆರಾ ಇಟ್ಟು ಪ್ರಸಾರ ಮಾಡಿದರು. ಜಗತ್ತು ನೋಡಿದ್ದು ಈ ಮರುಚಿತ್ರಣವನ್ನು. ಮೂಲ ಸಂಜ್ಞೆ ಒಂದು ಅಂಗುಲ ಅಗಲದ, 14 ಪಥಗಳ ಕಾಂತೀಯ ಟೇಪುಗಳಲ್ಲಿ ದಾಖಲಾಯಿತು.

ದಶಕಗಳ ಬಳಿಕ ಉತ್ತಮ ಸಾಧನಗಳಿಂದ ಮೂಲವನ್ನು ಮತ್ತೆ ಸಂಸ್ಕರಿಸಬಹುದೆಂದು ಹುಡುಕಿದಾಗ ಟೇಪುಗಳು ಸಿಗಲಿಲ್ಲ. ಟೇಪಿನ ಕೊರತೆಯ ಕಾಲದಲ್ಲಿ ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂದು ನಾಸಾ 2009ರಲ್ಲಿ ತಿಳಿಸಿತು. ಪ್ರಸಾರದ ಪ್ರತಿಗಳನ್ನೇ ಶುದ್ಧೀಕರಿಸಿ ತೃಪ್ತಿಪಡಬೇಕಾಯಿತು. ಗಮನಿಸಬೇಕಾದ ಸಂಗತಿ ಇದು: ಚಂದ್ರನ ಮೇಲಿನ ನಡಿಗೆಯ ಪ್ರತಿಗಳಿಗೆ ಕೊರತೆಯೇ ಇರಲಿಲ್ಲ. ಮೂರಲ್ಲ, ಅದಕ್ಕೂ ಹೆಚ್ಚು ಪ್ರತಿಗಳು, ಬೇರೆ ಬೇರೆ ಮಾಧ್ಯಮಗಳಲ್ಲಿ, ಬೇರೆ ಬೇರೆ ಖಂಡಗಳಲ್ಲಿ ಇದ್ದವು. ಆದರೆ ಅವೆಲ್ಲ ಪರಿವರ್ತಿತ ರೂಪದ ಪ್ರತಿಗಳು. ಪ್ರತಿಗಳನ್ನು ಎಣಿಸುವ ಸೂತ್ರ ಈ ನಷ್ಟವನ್ನು ತಡೆಯುತ್ತಿರಲಿಲ್ಲ. ‘ಅಳಿಸಲಿರುವುದರಲ್ಲಿ ಇರುವ ಯಾವುದು ಉಳಿದ ಪ್ರತಿಗಳಲ್ಲಿ ಇಲ್ಲ?’ ಎಂಬ ಪ್ರಶ್ನೆ ತಡೆಯಬಹುದಿತ್ತು.

ಮೂವತ್ತೈದು ಬಾರಿ ಅಳಿಸಬೇಕೆ?

ಈಗ ಮೂರನೆಯ ಕೆಲಸಕ್ಕೆ ಬರೋಣ. ಇಲ್ಲಿ ನಮ್ಮ ಸಲಹೆಗಾರರು ಬಹಳ ಉತ್ಸಾಹಿಗಳು. ‘ಒಮ್ಮೆ ಅಳಿಸಿದರೆ ಸಾಲದು, ಏಳು ಬಾರಿ ಅಳಿಸಬೇಕು, 35 ಬಾರಿ ಅಳಿಸಿದರೆ ಇನ್ನೂ ಒಳ್ಳೆಯದು’ ಎಂಬ ಮಾತನ್ನು ನೀವೂ ಕೇಳಿರಬಹುದು. ಈ 35ರ ಮೂಲ ನ್ಯೂಜಿಲೆಂಡಿನ ಪೀಟರ್ ಗಟ್‌ಮನ್ 1996ರಲ್ಲಿ ಪ್ರಕಟಿಸಿದ ಪ್ರಬಂಧ. ಅದರ ಭೌತವಿಜ್ಞಾನ ಸ್ವಾರಸ್ಯಕರವಾಗಿದೆ. ಡಿಸ್ಕಿನ ಮೇಲೆ 0 ಇದ್ದಲ್ಲಿ 1 ಬರೆದರೆ ಕಾಂತತ್ವದ ನೈಜ ಮೌಲ್ಯ ಸುಮಾರು 0.95 ಆಗಬಹುದು, 1 ಇದ್ದಲ್ಲಿ ಮತ್ತೆ 1 ಬರೆದರೆ 1.05 ಆಗಬಹುದು. ಈ ಸಣ್ಣ ವ್ಯತ್ಯಾಸವನ್ನು ಸೂಕ್ಷ್ಮ ಉಪಕರಣಗಳಿಂದ ಅಳೆದರೆ ಹಿಂದಿನ ಬರಹವನ್ನು ಊಹಿಸಲು ಸಾಧ್ಯವಾದೀತು ಎಂಬುದು ವಾದ. ಅದನ್ನು ತಡೆಯಲು ಗಟ್‌ಮನ್ ಅಂದಿನ ವಿವಿಧ ಡಿಸ್ಕುಗಳ ವಿವಿಧ ಸಂಕೇತ ಕ್ರಮಗಳಿಗೆ ಹೊಂದುವ 27 ನಮೂನೆಗಳನ್ನು, ಅವುಗಳ ಹಿಂದೆ ಮುಂದೆ ನಾಲ್ಕು ನಾಲ್ಕು ಯಾದೃಚ್ಛಿಕ ಬರಹಗಳನ್ನು ಸೂಚಿಸಿದರು. ಒಟ್ಟು 35.

ಅಂದರೆ 35 ಎಂಬುದು ಯಾವುದೋ ಒಂದು ಡಿಸ್ಕಿಗೆ ಬೇಕಾದ ಸಂಖ್ಯೆಯಲ್ಲ. ಯಾವ ಬಗೆಯ ಡಿಸ್ಕೆಂದು ಗೊತ್ತಿಲ್ಲದವರಿಗಾಗಿ ಎಲ್ಲ ಬಗೆಗಳನ್ನೂ ಸೇರಿಸಿ ಮಾಡಿದ ಪಟ್ಟಿ. ಎಲ್ಲ ರೋಗಗಳ ಔಷಧಿಗಳನ್ನೂ ಒಬ್ಬನೇ ರೋಗಿಗೆ ಕುಡಿಸಿದಂತೆ ಇದನ್ನು ಬಳಸುವುದು ಅರ್ಥಹೀನವೆಂದು ಗಟ್‌ಮನ್ ಅವರೇ ಮುಂದೆ ತಮ್ಮ ಪ್ರಬಂಧಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ವಿವರಿಸಿದ್ದಾರೆ. ದತ್ತಾಂಶ ಸಾಂದ್ರತೆ ಹೆಚ್ಚಿದಂತೆ ಇಂಥ ಉಳಿಕೆಯನ್ನು ಅಳೆಯುವ ಆಸೆಯೂ ಕ್ಷೀಣಿಸಿತು. 2001ರ ಅನಂತರ ತಯಾರಾದ, 15 ಗಿಗಾಬೈಟ್‌ಗಿಂತ ದೊಡ್ಡ ಸಾಮಾನ್ಯ ಹಾರ್ಡ್ ಡಿಸ್ಕುಗಳಿಗೆ ಒಮ್ಮೆ ಪೂರ್ತಿ ಮೇಲೆ ಬರೆದರೆ ಸಾಕೆಂಬ ನಿಲುವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನಿಸ್ಟ್ 2006ರ ತನ್ನ ಮಾರ್ಗದರ್ಶಿಯಲ್ಲೇ ತಳೆದಿದೆ.

ಹಾಗೆಂದು ಅಳಿಸುವ ಅಗತ್ಯವಿಲ್ಲವೆಂದಲ್ಲ. ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಹಳೆಯ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ಓದಲು ಬಂದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳೂ ಇದ್ದವು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಡಿಸ್ಕುಗಳು ಮಾರಾಟವಾಗುವುದು ನಿಮಗೆ ಗೊತ್ತು. ಶಾಲೆಯ ಡಿಸ್ಕಿನಲ್ಲಿ ಮಕ್ಕಳ ಹೆಸರು, ವಿಳಾಸ, ಜನ್ಮದಿನಾಂಕ, ಆಧಾರ್ ಪ್ರತಿಗಳು ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದ ಮೇಲೆ ಇದು ಕೇವಲ ಸಭ್ಯತೆಯ ವಿಷಯವಾಗಿ ಉಳಿದಿಲ್ಲ.

ಇಲ್ಲೂ ತಿಳಿವಳಿಕೆಯ ಕೊರತೆ ಇದೆ. ವೇಗದ ಫಾರ್ಮ್ಯಾಟ್ ಮಾಡಿದಾಗ ಕಡತಗಳ ವಿಷಯಸೂಚಿ ಮಾತ್ರ ಹೊಸದಾಗುತ್ತದೆ, ಪುಟಗಳು ಹಾಗೇ ಇರುತ್ತವೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಪೂರ್ಣ ಫಾರ್ಮ್ಯಾಟ್ ಕೂಡ ದೋಷಗಳಿಗಾಗಿ ಡಿಸ್ಕನ್ನು ಓದುತ್ತಿತ್ತೇ ಹೊರತು ಅಳಿಸುತ್ತಿರಲಿಲ್ಲ. ಪೂರ್ಣ ಫಾರ್ಮ್ಯಾಟ್ ಸೊನ್ನೆಗಳನ್ನು ಬರೆಯತೊಡಗಿದ್ದು ವಿಸ್ಟಾ ಆವೃತ್ತಿಯಿಂದ. ಇನ್ನು ಎಸ್‌ಎಸ್‌ಡಿಯದ್ದೇ ಬೇರೆ ಕತೆ. ಅದರ ನಿಯಂತ್ರಕ ಕೋಶಗಳ ಸವೆತವನ್ನು ಸಮನಾಗಿ ಹಂಚಲು ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಕಳಿಸುತ್ತದೆ. ನೀವು ಮೇಲೆ ಬರೆದೆನೆಂದುಕೊಂಡ ಹಳೆಯ ಪ್ರತಿ ಬೇರೆಲ್ಲೋ ಉಳಿದಿರಬಹುದು. ಎಸ್‌ಎಸ್‌ಡಿಯಲ್ಲಿ ಬಿಡಿ ಕಡತಗಳನ್ನು ಮೇಲೆ ಬರೆದು ಅಳಿಸುವ ಯಾವ ವಿಧಾನವೂ ನಂಬಲರ್ಹವಲ್ಲವೆಂದು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2011ರಲ್ಲಿ ತೋರಿಸಿತು. ಅಲ್ಲಿ ತಯಾರಕರೇ ಒದಗಿಸುವ ಅಳಿಸುವ ಆದೇಶವನ್ನು ಬಳಸಬೇಕು ಅಥವಾ ಮೊದಲಿನಿಂದಲೇ ಡಿಸ್ಕನ್ನು ಗೂಢಲಿಪಿಯಲ್ಲಿಟ್ಟು ಕೊನೆಗೆ ಕೀಲಿಯನ್ನು ನಾಶಮಾಡಬೇಕು. ಒಂದಕ್ಕೆ ಅತಿಯಾದ ಮದ್ದು ಇನ್ನೊಂದಕ್ಕೆ ಮದ್ದೇ ಅಲ್ಲ!

ಸಮಯದ ಲೆಕ್ಕವನ್ನೂ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬೈಟ್ ವೇಗದ 500 ಗಿಗಾಬೈಟ್ ಹಾರ್ಡ್ ಡಿಸ್ಕನ್ನು ಒಮ್ಮೆ ಪೂರ್ತಿ ಬರೆಯಲು 5000 ಸೆಕೆಂಡು, ಅಂದರೆ ಸುಮಾರು 83 ನಿಮಿಷ. 35 ಬಾರಿಗೆ 48 ಗಂಟೆಗೂ ಹೆಚ್ಚು. ಅದೇ ಡಿಸ್ಕನ್ನು ಒಮ್ಮೆ ಪೂರ್ತಿ ಓದಿ ಬೆರಳಚ್ಚು ತೆಗೆಯಲೂ ಹೆಚ್ಚುಕಡಿಮೆ ಅದೇ 83 ನಿಮಿಷ ಸಾಕು. ಅಳಿಸಲು ಎರಡು ದಿನ ಕೊಡಲು ಸಿದ್ಧರಿರುವವರು ಓದಿ ನೋಡಲು ಒಂದೂವರೆ ಗಂಟೆ ಕೊಡುವುದಿಲ್ಲ. ನನ್ನ ವಿಮರ್ಶೆಯ ತಿರುಳು ಇಷ್ಟೇ.

ಹಾಗಾದರೆ ಮಾಡಬೇಕಾದ್ದೇನು?

ಮೊದಲು, ಹಳೆಯ ಗಣಕ ಇನ್ನೂ ನಡೆಯುತ್ತಿರುವಾಗಲೇ ಏನೇನಿದೆ ಎಂಬ ಪಟ್ಟಿ ಮಾಡಿ. ದಾಖಲೆಗಳ ಕೋಶವೊಂದೇ ಸಾಲದು. ಟ್ಯಾಲಿಯ ಲೆಕ್ಕಪತ್ರಗಳು ಅದರದ್ದೇ ಕೋಶದಲ್ಲಿರುತ್ತವೆ. ಅಂಚೆಯ ಸಂಗ್ರಹ, ಪ್ರಯೋಗಾಲಯದ ಉಪಕರಣಗಳ ಅಂಕನಶೋಧನೆಯ ಕಡತಗಳು, ಸ್ಥಾಪಿತ ಅಕ್ಷರಶೈಲಿಗಳು, ತಂತ್ರಾಂಶಗಳ ಪರವಾನಗಿ ಸಂಖ್ಯೆಗಳು ಬೇರೆ ಬೇರೆ ಕಡೆ ಇರುತ್ತವೆ. ಡಿಸ್ಕ್ ಬಿಟ್‌ಲಾಕರ್ ಗೂಢಲಿಪಿಯಲ್ಲಿದ್ದರೆ 48 ಅಂಕಿಗಳ ಚೇತರಿಕೆ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಅದಿಲ್ಲದೆ ಆ ಡಿಸ್ಕನ್ನು ಬೇರೆ ಗಣಕಕ್ಕೆ ಜೋಡಿಸಿದರೆ ಏನೂ ಕಾಣದು. ನಕಲು ಮಾಡಿದಾಗ ಕಡತದ ಸೃಷ್ಟಿಯ ದಿನಾಂಕ ಬದಲಾಗುತ್ತದೆ, ಕೊನೆಯ ತಿದ್ದುಪಡಿಯ ದಿನಾಂಕ ಉಳಿಯುತ್ತದೆ ಎಂಬುದೂ ನೆನಪಿರಲಿ. ಅಳತೆಗಳ ದಿನಾಂಕ ಮುಖ್ಯವಾದ ಕಡೆ ಅದನ್ನು ಪಟ್ಟಿಯಲ್ಲೇ ದಾಖಲಿಸಿ.

ಎರಡನೆಯದಾಗಿ, ನಕಲು ಮಾಡಿ ಬೆರಳಚ್ಚುಗಳನ್ನು ಹೋಲಿಸಿ. ಕನ್ನಡದ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದರೆ ಮೂಲ ಕಡತವನ್ನೂ ಅದರ ಅಕ್ಷರಶೈಲಿಯನ್ನೂ ಜೊತೆಗೇ ಇಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ನಡುವೆ ಬರುವ ಇಂಗ್ಲಿಷ್ ಮತ್ತು ಸಮೀಕರಣಗಳು ತಪ್ಪುವ ಸಾಧ್ಯತೆ ಹೆಚ್ಚು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಹಳೆಯ ಗಣಕವನ್ನು ಮುಟ್ಟದೆ, ಹೊಸ ಗಣಕದಲ್ಲೇ ಕಡತಗಳನ್ನು ತೆರೆದು ಓದಿ. ಎಲ್ಲವನ್ನೂ ತೆರೆಯಲು ಸಾಧ್ಯವಿಲ್ಲ. ಆದರೆ ಸಂಖ್ಯಾಶಾಸ್ತ್ರ ನಮ್ಮ ನೆರವಿಗಿದೆ. ನೂರಕ್ಕೆ 5 ಕಡತಗಳು ಕೆಟ್ಟಿವೆ ಎಂದಿಟ್ಟುಕೊಳ್ಳಿ. ಯಾದೃಚ್ಛಿಕವಾಗಿ ಆರಿಸಿದ ಒಂದು ಕಡತ ಚೆನ್ನಾಗಿರುವ ಸಂಭವ 0.95. ಹೀಗೆ 59 ಕಡತಗಳನ್ನು ತೆರೆದರೆ ಎಲ್ಲವೂ ಚೆನ್ನಾಗಿ ಕಂಡು ನಾವು ಮೋಸಹೋಗುವ ಸಂಭವ 0.95ರ 59ನೆಯ ಘಾತ, ಅಂದರೆ ಶೇಕಡಾ 5ಕ್ಕಿಂತ ಕಡಿಮೆ. ನೂರಕ್ಕೆ 1 ಮಾತ್ರ ಕೆಟ್ಟಿದ್ದರೆ ಅಷ್ಟೇ ಭರವಸೆಗೆ 299 ಕಡತಗಳನ್ನು ತೆರೆಯಬೇಕು. ನೂರು ಮಂದಿಯ ತರಗತಿಯಲ್ಲಿ ತಲಾ ಮೂರು ಕಡತ ಹಂಚಿದರೆ ಒಂದು ಪಾಠದ ಅವಧಿಯ ಕೆಲಸ! ಆದರೆ ಸಾರ್ವಜನಿಕವಾಗಿ ತೋರಿಸಬಹುದಾದ ಕಡತಗಳನ್ನು ಮಾತ್ರ ವಿದ್ಯಾರ್ಥಿಗಳಿಗೆ ಕೊಡಿ. ಅಂಕಪಟ್ಟಿಗಳನ್ನು, ಪ್ರಶ್ನಕೋಶವನ್ನು ಅಧ್ಯಾಪಕರೇ ನೋಡಲಿ. ಆರಿಸುವುದು ನಿಜಕ್ಕೂ ಯಾದೃಚ್ಛಿಕವಾಗಿರಬೇಕು. ಎಲ್ಲರೂ ಮೊನ್ನೆಯ ಕಡತವನ್ನೇ ತೆರೆದು ನೋಡುತ್ತಾರೆ. ಕೆಟ್ಟಿರುವುದು ಹದಿನೈದು ವರ್ಷ ಹಿಂದಿನದು. ಕಡತದ ಪ್ರತಿ ಬಗೆಗೂ, ಪ್ರತಿ ಕಾಲಾವಧಿಗೂ ಪಾಲು ಸಿಗುವಂತೆ ಗುಂಪು ಮಾಡಿ ಆರಿಸುವುದು ಇನ್ನೂ ಒಳ್ಳೆಯದು.

ನಾಲ್ಕನೆಯದಾಗಿ, ಅವಸರ ಬೇಡ. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ದಿನಾಂಕದ ಚೀಟಿ ಅಂಟಿಸಿ, ಬೀಗದ ಕಪಾಟಿನಲ್ಲಿ ಒಂದು ಶೈಕ್ಷಣಿಕ ವರ್ಷ ಇಡಿ. ಪ್ರವೇಶದಿಂದ ಫಲಿತಾಂಶದವರೆಗಿನ ಎಲ್ಲ ಕೆಲಸಗಳೂ ಒಮ್ಮೆ ಹೊಸ ಗಣಕದಲ್ಲಿ ನಡೆದರೆ ಬಿಟ್ಟುಹೋದದ್ದು ತಾನಾಗಿ ಬೆಳಕಿಗೆ ಬರುತ್ತದೆ. ಎಸ್‌ಎಸ್‌ಡಿಯನ್ನು ಮಾತ್ರ ಹೀಗೆ ಬಹಳ ಕಾಲ ವಿದ್ಯುತ್ ಇಲ್ಲದೆ ಇಡುವುದು ಒಳಿತಲ್ಲ, ಅದರ ಕೋಶಗಳಲ್ಲಿನ ಆವೇಶ ನಿಧಾನವಾಗಿ ಸೋರುತ್ತದೆ. ಇಷ್ಟಾದ ಮೇಲೆ ಡಿಸ್ಕಿನ ಬಗೆಗೆ ತಕ್ಕ ವಿಧಾನದಿಂದ ಒಮ್ಮೆ ಅಳಿಸಿ, ಅಳಿಸಿದ್ದನ್ನೂ ಓದಿ ಖಚಿತಪಡಿಸಿಕೊಂಡು, ಗಣಕವನ್ನು ಅಧಿಕೃತ ಇ-ತ್ಯಾಜ್ಯ ನಿರ್ವಾಹಕರಿಗೆ ಒಪ್ಪಿಸಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಅದೇ.

ಪ್ರಯೋಗಾಲಯದಲ್ಲಿ ಒಂದು ಅಳತೆಯನ್ನು ಮತ್ತೆ ಪಡೆಯಲಾಗದಿದ್ದರೆ ನಾವು ಅದನ್ನು ಫಲಿತಾಂಶವೆಂದು ಒಪ್ಪುವುದಿಲ್ಲ. ಮತ್ತೆ ತೆರೆದು ಓದಲಾಗದ ಪ್ರತಿಯನ್ನು ಪ್ರತಿಯೆಂದು ಏಕೆ ಒಪ್ಪಬೇಕು? ಮುಂದಿನ ಬಾರಿ ಯಾರಾದರೂ ‘ಎಲ್ಲ ಕಾಪಿ ಆಗಿದೆ, ಅಳಿಸಲೇ?’ ಎಂದು ನಿಮ್ಮನ್ನು ಕೇಳಿದರೆ, ಎಷ್ಟು ಕಾಪಿ ಆಗಿದೆ ಎಂದು ವಿಚಾರಿಸಬೇಡಿ. ಹೊಸ ಗಣಕದಲ್ಲಿ ಅತ್ಯಂತ ಹಳೆಯ ಕನ್ನಡ ಕಡತವೊಂದನ್ನು ತೆರೆದು, ಅದರ ಮೂರನೆಯ ಪುಟವನ್ನು ಗಟ್ಟಿಯಾಗಿ ಓದಲು ಹೇಳಿ.